ತೀರ್ಪು ಕೊಡುವವರಿಗೆ ಪಾಠ ಹೇಳುವವರು ಯಾರು?

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಉಮಟಿಲ್ಲಾ ಎಂಬ ಮೂಲನಿವಾಸಿಗಳ ಮೀಸಲು ಪ್ರದೇಶವಿದೆ. ವ್ಯಭಿಚಾರದ ಆರೋಪ ಹೊರಿಸಿ ಅಲ್ಲಿ ಒಬ್ಬ ಹೆಂಗಸನ್ನು ಕೂಡಿಹಾಕಿದ್ದರು. ಅವಳ ಕಡೆಯವರು ಜೈಲು ಒಡೆದು ಬಿಡಿಸಿಕೊಂಡು ಹೋದರು. ಬಿಡಿಸಿದವರ ಮೇಲಿನ ಮೊಕದ್ದಮೆ 1888ರಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿಗೆ ಬಂದಾಗ, ಅವಳನ್ನು ಕೂಡಿಹಾಕಿದ ‘ಇಂಡಿಯನ್ ಅಪರಾಧಗಳ ನ್ಯಾಯಾಲಯ’ಕ್ಕೆ (ಅಮೆರಿಕದ ಕಾನೂನಿನಲ್ಲಿ ‘ಇಂಡಿಯನ್’ ಎಂದರೆ ಮೂಲನಿವಾಸಿ) ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತು. ಅದು ಸಂವಿಧಾನದಡಿ ಹುಟ್ಟಿದ ಕೋರ್ಟೇ ಅಲ್ಲ, ಬುಡಕಟ್ಟಿನವರಿಗೆ ಬುದ್ಧಿ ಕಲಿಸಿ ಶಿಸ್ತಿಗೆ ತರಲು ಸರ್ಕಾರ ಇಟ್ಟುಕೊಂಡ ಸಾಧನ ಎಂದಿತು ಫೆಡರಲ್ ಕೋರ್ಟು.

ಇಂದು ಅಮೆರಿಕದ ಬುಡಕಟ್ಟು ನ್ಯಾಯಾಧೀಶರ ತರಬೇತಿಯ ಬಗ್ಗೆ ಮಾತಾಡುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ. ನ್ಯಾಯಾಧೀಶರಿಗೆ ಏನು ಗೊತ್ತಿರಬೇಕು ಎಂಬುದನ್ನು ಬಹುಕಾಲ ಹೊರಗಿನವರೇ ತೀರ್ಮಾನಿಸಿದರು. ಆ ತೀರ್ಮಾನ ಬುಡಕಟ್ಟುಗಳ ಕೈಗೆ ಎಷ್ಟು ಮರಳಿದೆ ಎಂಬುದೇ ಇಲ್ಲಿನ ನಿಜವಾದ ಕಥೆ ಎಂದು ನನಗನ್ನಿಸುತ್ತದೆ.

ಇಂಡಿಯನ್ ಅಪರಾಧಗಳ ನ್ಯಾಯಾಲಯಗಳು ಶುರುವಾದದ್ದು 1883ರಲ್ಲಿ. ಅವುಗಳ ಕಣ್ಣಿಗೆ ಸೂರ್ಯನೃತ್ಯವೆಂಬ ಧಾರ್ಮಿಕ ಆಚರಣೆ ಅಪರಾಧ, ನಾಟಿ ವೈದ್ಯರ ಆಚರಣೆ ಅಪರಾಧ, ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಕಟ್ಟಿಕೊಳ್ಳುವುದೂ ಅಪರಾಧ. ನ್ಯಾಯಾಧೀಶರನ್ನು ಆರಿಸುವುದರಲ್ಲಿ ಸರ್ಕಾರಿ ಏಜೆಂಟನ ಮಾತೇ ನಡೆಯುತ್ತಿತ್ತು. ಕೊಮಾಂಚಿ ಜನರ ಹೆಸರಾಂತ ಮುಖಂಡ ಕ್ವಾನಾ ಪಾರ್ಕರ್ ಈಗಿನ ಒಕ್ಲಹೋಮಾದಲ್ಲಿ ಅಂಥ ಪೀಠದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಕೂತಿದ್ದರು. 1898ರಲ್ಲಿ ಅವರನ್ನು ಕೆಳಗಿಳಿಸಿದ್ದು ತಪ್ಪು ತೀರ್ಪು ಕೊಟ್ಟರೆಂದಲ್ಲ, ಹಲವು ಹೆಂಡಿರಿದ್ದರೆಂದು.

ಈ ನ್ಯಾಯಾಲಯಗಳು ಬರುವ ಮುಂಚೆ ಅಲ್ಲಿ ನ್ಯಾಯವೇ ಇರಲಿಲ್ಲವೆ? ಇತ್ತು. 1881ರಲ್ಲಿ ಲಕೋಟಾ ಜನರ ಕ್ರೋ ಡಾಗ್ ಎಂಬಾತ ಸ್ಪಾಟೆಡ್ ಟೇಲ್ ಎಂಬ ನಾಯಕನನ್ನು ಕೊಂದಾಗ ಎರಡೂ ಮನೆತನಗಳವರು ತಮ್ಮ ಪದ್ಧತಿಯಂತೆ ರಾಜಿಯಾದರು: 600 ಡಾಲರ್, ಎಂಟು ಕುದುರೆ, ಒಂದು ಕಂಬಳಿ. ಸತ್ತವನ ಮನೆಯವರ ಬದುಕನ್ನೂ ಊರಿನ ನೆಮ್ಮದಿಯನ್ನೂ ಉಳಿಸುವ ದಾರಿ ಅದು. ಹೊರಗಿನ ಸರ್ಕಾರ ಕ್ರೋ ಡಾಗ್‌ನನ್ನು ಗಲ್ಲಿಗೇರಿಸಹೊರಟಾಗ 1883ರಲ್ಲಿ ಸುಪ್ರೀಂ ಕೋರ್ಟು ‘ನಿಮಗೆ ಆ ಅಧಿಕಾರವಿಲ್ಲ’ ಎಂದಿತು. ಇದರಿಂದ ಕೆರಳಿದ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್ಸು, 1885ರಲ್ಲಿ ಕಾನೂನು ತಂದು ಕೊಲೆಯಂಥ ದೊಡ್ಡ ಅಪರಾಧಗಳನ್ನು ಫೆಡರಲ್ ಕೋರ್ಟಿಗೆ ಎಳೆದುಕೊಂಡಿತು.

ಬುಡಕಟ್ಟುಗಳ ಸ್ವಯಂ ಆಡಳಿತಕ್ಕೆ ದಾರಿ ಮಾಡಿದ 1934ರ ಕಾಯ್ದೆಯ ನಂತರ ಹಲವು ಬುಡಕಟ್ಟುಗಳು ತಮ್ಮದೇ ಸಂವಿಧಾನ ಬರೆದುಕೊಂಡು ತಮ್ಮದೇ ಕೋರ್ಟು ಕಟ್ಟಿಕೊಳ್ಳತೊಡಗಿದವು. ನವಾಹೋ ಜನರು 1959ರಲ್ಲಿ ಸ್ವಂತ ನ್ಯಾಯಾಂಗವನ್ನು ಜಾರಿಗೆ ತಂದರು. ಪೀಠದಲ್ಲಿ ಕೂತ ಬಹುಪಾಲು ಜನ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಊರಿನವರು ನಂಬಿದ ಹಿರಿಯರು.

ತರಬೇತಿ ಎಂಬ ಮಾತು ಶಾಸನದಲ್ಲೇ ಬಂದದ್ದು 1968ರಲ್ಲಿ. ಆ ವರ್ಷದ ಇಂಡಿಯನ್ ನಾಗರಿಕ ಹಕ್ಕುಗಳ ಕಾಯ್ದೆ ಬುಡಕಟ್ಟು ಸರ್ಕಾರಗಳ ಮೇಲೆ ಕೆಲವು ಕಟ್ಟುಪಾಡು ಹೇರಿತು. ಆರು ತಿಂಗಳ ಜೈಲು, 500 ಡಾಲರ್ ದಂಡ, ಅದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವಂತಿರಲಿಲ್ಲ. ಅದೇ ಕಾಯ್ದೆ, ಇಂಡಿಯನ್ ಅಪರಾಧಗಳ ನ್ಯಾಯಾಲಯಗಳಿಗೆ ಮಾದರಿ ಸಂಹಿತೆ ಸಿದ್ಧವಾಗಬೇಕು, ಅಲ್ಲಿನ ನ್ಯಾಯಾಧೀಶರಿಗೆ ತರಗತಿಗಳು ನಡೆಯಬೇಕು ಎಂದೂ ಹೇಳಿತು. ಮರುವರ್ಷವೇ ಮೂಲನಿವಾಸಿಗಳ ಕೋರ್ಟುಗಳ ನ್ಯಾಯಾಧೀಶರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಮುಂದೆ ತರಬೇತಿಯ ಹೊಣೆಯನ್ನೂ ಆ ಸಂಘ ಹೊತ್ತಿತು. ನನ್ನ ಲೆಕ್ಕದಲ್ಲಿ ಇದು ಕಾಯ್ದೆಯಷ್ಟೇ ದೊಡ್ಡ ತಿರುವು. ಪಾಠ ಹೇಳುವವರ ಸಾಲಿನಲ್ಲಿ ಪೀಠದ ಅನುಭವವಿದ್ದ ಮೂಲನಿವಾಸಿಗಳೇ ನಿಂತರು.

1978 ಈ ನ್ಯಾಯಾಧೀಶರ ಕೆಲಸವನ್ನೇ ಬದಲಿಸಿತು. ಹಕ್ಕುಗಳ ಕಾಯ್ದೆಯಡಿಯ ತಕರಾರುಗಳನ್ನು ಬಹುತೇಕ ಬುಡಕಟ್ಟಿನ ವೇದಿಕೆಗಳಲ್ಲೇ ತೀರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಮೂಲನಿವಾಸಿಯಲ್ಲದವನು ಮೀಸಲು ಪ್ರದೇಶದಲ್ಲಿ ಅಪರಾಧ ಮಾಡಿದರೂ ಬುಡಕಟ್ಟು ಕೋರ್ಟು ಅವನನ್ನು ವಿಚಾರಿಸುವಂತಿಲ್ಲವೆಂದು ಇನ್ನೊಂದು ಬಂತು. ತಾಯಿ ತಂದೆಯಿಂದ ಬೇರಾದ ಮೂಲನಿವಾಸಿ ಮಕ್ಕಳ ಪ್ರಕರಣಗಳಲ್ಲಿ ಬುಡಕಟ್ಟು ಕೋರ್ಟುಗಳಿಗೆ ದೊಡ್ಡ ಪಾತ್ರ ಕೊಟ್ಟ ಕಾಯ್ದೆಯೂ ಆ ವರ್ಷದ್ದೇ. 1985ರಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಮಾತು ಸೇರಿಸಿತು: ಬುಡಕಟ್ಟು ಕೋರ್ಟಿನ ಅಧಿಕಾರವನ್ನು ಪ್ರಶ್ನಿಸುವವರು ಸಾಮಾನ್ಯವಾಗಿ ಮೊದಲು ಅಲ್ಲೇ ವಾದ ಮುಗಿಸಿ ಬರಬೇಕು. ಎಂದರೆ ಇಲ್ಲಿ ಬರೆದ ತೀರ್ಪನ್ನು ನಾಳೆ ಫೆಡರಲ್ ನ್ಯಾಯಾಧೀಶರು ಅಕ್ಷರ ಅಕ್ಷರ ಓದುತ್ತಾರೆ.

ಹೀಗಾಗಿ ತರಬೇತಿಯಲ್ಲಿ ಕಲಿಯಬೇಕಾದ್ದು ಸಣ್ಣದಲ್ಲ. ಘಟನೆ ನಡೆದ ನೆಲ ಯಾರದು, ಆರೋಪಿ ಯಾರು, ಬಾಧಿತರು ಯಾರು, ಅಪರಾಧ ಯಾವ ಬಗೆಯದು ಎಂಬ ನಾಲ್ಕರ ಮೇಲೆ ಪ್ರಕರಣ ಯಾವ ಕೋರ್ಟಿಗೆ ಹೋಗಬೇಕೆಂಬುದು ನಿಂತಿರುತ್ತದೆ. ಇದರ ಜೊತೆಗೆ ಸಾಕ್ಷ್ಯದ ನಿಯಮ, ತೀರ್ಪು ಬರೆಯುವ ಕ್ರಮ, ಕೌಟುಂಬಿಕ ಹಿಂಸೆ, ವ್ಯಸನಿಗಳನ್ನು ಜೈಲಿಗಟ್ಟದೆ ಚಿಕಿತ್ಸೆಯ ದಾರಿಗೆ ತರುವ ಬಗೆ. ಇನ್ನೊಂದು ಕಷ್ಟವನ್ನು ಹೊರಗಿನವರು ಬೇಗ ಗ್ರಹಿಸುವುದಿಲ್ಲ. ಸಣ್ಣ ಬುಡಕಟ್ಟಿನಲ್ಲಿ ಕಟಕಟೆಗೆ ಬರುವವರು ನ್ಯಾಯಾಧೀಶರ ಸೋದರತ್ತೆಯ ಮಗನೋ ಬಾಲ್ಯದ ಗೆಳತಿಯೋ ಆಗಿರುತ್ತಾರೆ. ಯಾವಾಗ ಪೀಠ ಬಿಟ್ಟು ಏಳಬೇಕು, ಯಾವಾಗ ಕೂರಲೇಬೇಕು ಎಂಬ ವಿವೇಚನೆಗೆ ರಾಜ್ಯದ ನ್ಯಾಯಾಧೀಶರ ಪಠ್ಯದಲ್ಲಿ ಸಿದ್ಧ ಉತ್ತರವಿಲ್ಲ. ನೆವಾಡಾದ ರೀನೋ ನಗರದ ನ್ಯಾಷನಲ್ ಜುಡಿಷಿಯಲ್ ಕಾಲೇಜು ಬುಡಕಟ್ಟು ನ್ಯಾಯಾಧೀಶರಿಗೆಂದೇ ಪ್ರತ್ಯೇಕ ಕೇಂದ್ರ ನಡೆಸುವುದಕ್ಕೆ ಕಾರಣ ಇಂಥ ಅಗತ್ಯಗಳೇ.

2010ರ ಕಾಯ್ದೆ ಈ ನ್ಯಾಯಾಧೀಶರ ಹೊಣೆಯನ್ನು ಇನ್ನಷ್ಟು ಹೆಚ್ಚಿಸಿತು. ಬುಡಕಟ್ಟು ಕೋರ್ಟು ಒಂದು ಅಪರಾಧಕ್ಕೆ ಮೂರು ವರ್ಷ, ಒಂದು ಪ್ರಕರಣದಲ್ಲಿ ಒಟ್ಟು ಒಂಬತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದು. ಆದರೆ ನ್ಯಾಯಾಧೀಶರಿಗೆ ಸಾಕಷ್ಟು ಕಾನೂನು ತರಬೇತಿ ಇರಬೇಕು, ವಕೀಲಿಕೆಯ ಪರವಾನಗಿ ಇರಬೇಕು, ಬಡ ಆರೋಪಿಗೆ ಬುಡಕಟ್ಟೇ ವಕೀಲರನ್ನು ಒದಗಿಸಬೇಕು. 2013ರ ಕಾಯ್ದೆ ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಹೊರಗಿನವರನ್ನೂ ವಿಚಾರಿಸುವ ಅಧಿಕಾರ ಕೊಟ್ಟಿತು. 2014ರಲ್ಲಿ ಅದನ್ನು ಮೊದಲು ಜಾರಿಗೆ ತಂದ ಮೂರು ಬುಡಕಟ್ಟುಗಳಲ್ಲಿ ಉಮಟಿಲ್ಲಾ ಕೂಡ ಒಂದು.

ಜೈಲಿಗೆ ಹೋಗುವವನಿಗೆ ಕಾನೂನು ಬಲ್ಲ ನ್ಯಾಯಾಧೀಶರು ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪರವಾನಗಿಯೊಂದೇ ಅಳತೆಗೋಲಾದರೆ ಭಾಷೆ, ಬಂಧುತ್ವ, ಪದ್ಧತಿ ಬಲ್ಲ ಹಿರಿಯರು ಹೊರಗುಳಿಯುತ್ತಾರೆ. ಬಡ, ದೂರದ ಬುಡಕಟ್ಟುಗಳಿಗೆ ವಕೀಲರನ್ನು ಕರೆತರುವ ಖರ್ಚೂ ಭಾರ. 2010ರ ಕಾಯ್ದೆಯಲ್ಲೇ ಒಂದು ಕಿಂಡಿಯಿದೆ: ಪರವಾನಗಿ ಅಮೆರಿಕದ ಯಾವುದೇ ನ್ಯಾಯವ್ಯಾಪ್ತಿಯದಾದರೂ ಸರಿ ಎನ್ನುತ್ತದೆ ಅದು. ಬುಡಕಟ್ಟುಗಳು ತಾವೇ ಕೊಡುವ ಪರವಾನಗಿಗೂ ಇದರಿಂದ ಜಾಗವಾಗುತ್ತದೆ. ನವಾಹೋ ಜನರಿಗೆ ತಮ್ಮದೇ ವಕೀಲರ ಪರೀಕ್ಷೆಯಿದೆ. ಕಕ್ಷಿಗಳನ್ನೂ ಬಂಧುಗಳನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಶಾಂತಿಕಾರರ ಪದ್ಧತಿಯನ್ನು 1982ರಿಂದ ಅವರು ಕೋರ್ಟಿನ ಭಾಗವಾಗಿಯೇ ಉಳಿಸಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಯುರೋಕ್ ಬುಡಕಟ್ಟಿನ ಮುಖ್ಯ ನ್ಯಾಯಾಧೀಶೆ ಆ್ಯಬಿ ಅಬಿನಾಂಟಿ 1974ರಲ್ಲೇ ಆ ರಾಜ್ಯದ ವಕೀಲರಾದವರು. ತಪ್ಪಿತಸ್ಥ ತನ್ನ ಜನರಿಗೆ ಮಾಡಿದ ಹಾನಿಯನ್ನು ಹೇಗೆ ಸರಿಪಡಿಸುತ್ತಾನೆ ಎಂದು ಕೇಳುವ ಯುರೋಕ್ ಕ್ರಮವನ್ನು ಅವರು ಪೀಠದಲ್ಲಿ ಬಿಟ್ಟುಕೊಟ್ಟಿಲ್ಲ.

ಕಲಿಕೆ ಈಗ ಎರಡೂ ಕಡೆಯಿಂದ ನಡೆಯುತ್ತಿದೆ. ಮಿನ್ನೆಸೋಟಾದಲ್ಲಿ 2006ರಲ್ಲಿ ಲೀಚ್ ಲೇಕ್ ಓಜಿಬ್ವೆ ಬುಡಕಟ್ಟು ಮತ್ತು ಕ್ಯಾಸ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಸೇರಿ, ಕುಡಿತ ಮತ್ತು ಮಾದಕ ವ್ಯಸನದ ಪ್ರಕರಣಗಳಿಗಾಗಿ ಜಂಟಿ ಕೋರ್ಟು ತೆರೆದವು. ಅಲ್ಲಿ ಬುಡಕಟ್ಟಿನ ನ್ಯಾಯಾಧೀಶರೂ ರಾಜ್ಯದ ನ್ಯಾಯಾಧೀಶರೂ ಒಂದೇ ಪೀಠದಲ್ಲಿ ಕೂತು ಒಂದೇ ಕಡತ ನೋಡುತ್ತಿದ್ದರು.