ತಂಬೂರಿ ಕೊಳ್ಳುವ ಮುಂಚೆ ಒಂದು ನುಡಿ ಹಾಡಿ

ಶ್ರಾವಣ ಇನ್ನೂ ಹದಿನೈದು ದಿನ ಇದ್ದಾಗ ಸವದತ್ತಿ ಕಡೆಯ ಭಜನಾ ಮೇಳದ ಅಜ್ಜ ಒಬ್ಬರು ನನ್ನ ಅಂಗಡಿಗೆ ಬಂದರು. ಹಳೆಯ ಧೋತರದಲ್ಲಿ ಸುತ್ತಿದ ತಂಬೂರಿಯನ್ನು ಮಲಗಿದ ಕೂಸನ್ನು ಇಳಿಸುವ ಹಾಗೆ ಚಾಪೆಯ ಮೇಲಿಟ್ಟು, "ತಂತಿ ನಿಂದರವಲ್ದು ನೋಡು ತಮ್ಮಾ. ವಾರಕ್ಕೊಂದು ಹರೀತದ" ಎಂದರು.

ಬಿಚ್ಚಿ ನೋಡಿದರೆ ತಂತಿ ಹರಿಯುವುದೇ ಸಣ್ಣ ಮಾತಾಗಿತ್ತು. ತಬಲಿ, ಅಂದರೆ ಸೋರೆ ಬುರುಡೆಯ ಬಾಯಿಗೆ ಮುಚ್ಚಿದ ಹಲಗೆ, ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಕೆಳಗೆ ಕುಸಿದಿತ್ತು. ದಂಡಿ, ಅಂದರೆ ಮರದ ಉದ್ದನೆ ಕೊರಳು, ಮುಂದಕ್ಕೆ ಬಾಗಿತ್ತು. ಬುರುಡೆ ಮತ್ತು ದಂಡಿ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು. ಮೇಳದವರೆಲ್ಲ ಪಟ್ಟಿ ಹಾಕಿ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡು ಎರಡೇ ವರ್ಷ ಆಗಿತ್ತು.

"ಅಜ್ಜಾರ, ಒಂದ್ ನುಡಿ ಹಾಡ್ರಿ" ಎಂದೆ.

"ಹಾಡೂದು ಇರ್ಲಿ, ಮೊದಲ ಇದನ್ನ ನೋಡು."

"ನೋಡಾಕಂತನ ಹಾಡ್ರಿ ಅನ್ನಾಕತ್ತೀನ್ರೀ."

ಕಣ್ಣು ಮುಚ್ಚಿ ಒಂದು ತತ್ವಪದದ ಪಲ್ಲವಿ ಎತ್ತಿದರು. ಹಾರ್ಮೋನಿಯಂ ಮೇಲೆ ಬೆರಳಿಟ್ಟು ನೋಡಿದೆ: ಬಿಳಿ ನಾಲ್ಕು, ಅಂದರೆ ಸಪ್ತಕದ ನಾಲ್ಕನೇ ಬಿಳಿ ಮನೆ. ಆ ವಯಸ್ಸಿನಲ್ಲೂ ಗಂಟಲು ಅಲ್ಲಿ ಗಟ್ಟಿಯಾಗಿ ನಿಂತಿತ್ತು. ತಂಬೂರಿಯ ತಂತಿಯ ಉದ್ದ ಅಳೆದರೆ ಅದು ಅದಕ್ಕಿಂತ ಕೆಳಗಿನ ಕರಿ ಒಂದಕ್ಕೆ, ಅಂದರೆ ಮೊದಲ ಕರಿ ಮನೆಗೆ, ಮಾಡಿದ ವಾದ್ಯ, ಸಂಗೀತದ ಬೈಠಕ್ಕಿನಲ್ಲಿ ಗಂಡಸರು ಇಟ್ಟುಕೊಳ್ಳುವ ಶ್ರುತಿಗೆ. ಎರಡು ವರ್ಷ ಅದನ್ನು ಬಿಳಿ ನಾಲ್ಕಕ್ಕೆ ಏರಿಸಿ ಏರಿಸಿ ನುಡಿಸಿದ್ದಾರೆ.

ತಂತಿಯ ಲೆಕ್ಕ ಸರಳ. ಉದ್ದವನ್ನೂ ದಪ್ಪವನ್ನೂ ಬದಲಿಸದೆ ಸ್ವರ ಏರಿಸಿದರೆ, ಸ್ವರ ಎಷ್ಟು ಪಟ್ಟು ಏರಿತೋ ಅದರ ವರ್ಗದಷ್ಟು ಎಳೆತ ಏರುತ್ತದೆ. ಕರಿ ಒಂದರಿಂದ ಬಿಳಿ ನಾಲ್ಕಕ್ಕೆ ಹೋದರೆ ಸ್ವರ ಏರುವುದು ಕಾಲು ಪಾಲಷ್ಟೇ. ಎಳೆತ ಮಾತ್ರ ಸುಮಾರು 1.6 ಪಟ್ಟು. ನಾಲ್ಕು ಕೆಜಿ ಭಾರ ಹೊರಬೇಕಿದ್ದ ತಂತಿ ಆರು ಕೆಜಿಗೂ ಹೆಚ್ಚು ಹೊರುತ್ತದೆ. ಅಂಥ ನಾಲ್ಕು ತಂತಿಗಳು ಹಗಲು ರಾತ್ರಿ ಆ ತೆಳ್ಳನೆ ತಬಲಿಯ ಮೇಲೆ ಕೂತಿರುತ್ತವೆ. ಕುಸಿಯದೆ ಇನ್ನೇನು?

ಮಾರಿದವರು ಮೋಸ ಮಾಡಿದ್ದಾರೆ ಎಂದು ನಾನು ಹೇಳಲಾರೆ. ವಾದ್ಯ ಒಳ್ಳೆಯದೇ ಇತ್ತು. ಯಾರ ಗಂಟಲಿಗೆ ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ. ಧಾರವಾಡದಲ್ಲಿ ಕೂತು ಇಷ್ಟು ವರ್ಷ ತಂಬೂರಿ, ಏಕತಾರಿ, ಚೌಡಿಕೆಗಳನ್ನು ಮಾಡಿಯೂ ರಿಪೇರಿ ಮಾಡಿಯೂ ನನಗೆ ಗೊತ್ತಾದ ಮಾತು ಇದೊಂದೇ: ಕೈಯಲ್ಲಿ ಮಾಡಿದ ವಾದ್ಯವನ್ನು ಮಾಡುವವನ ಕೈಯಿಂದಲೇ ಕೊಳ್ಳುವುದರ ದೊಡ್ಡ ಲಾಭ ಬೆಲೆಯಲ್ಲಿಲ್ಲ, ಚಂದದಲ್ಲಿಲ್ಲ. ಮಾಡುವ ಮೊದಲು ಅವನು ನಿಮ್ಮ ದನಿ ಕೇಳಬಹುದು. ಆ ಲಾಭವನ್ನು ಬಿಟ್ಟುಕೊಟ್ಟರೆ ಅಂಗಡಿಯಲ್ಲಿ ಸಾಲಾಗಿ ನಿಂತದ್ದರಲ್ಲಿ ಒಂದನ್ನು ಎತ್ತಿಕೊಂಡು ಬಂದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಹಾಗಾಗಿ ಮೊದಲ ಭೇಟಿಗೆ ಹಾಡುವವರೇ ಹೋಗಬೇಕು. ಮೇಳಕ್ಕೆ ಕೊಳ್ಳುವುದಾದರೆ ಮುಂದೆ ಕೂತು ಎತ್ತಿಕೊಡುವವರನ್ನು ಕರೆದುಕೊಂಡು ಹೋಗಿ, ಲೆಕ್ಕ ನೋಡುವವರು ಹಿಂದೆ ಬರಲಿ. ನಮ್ಮ ಭಜನೆ, ತತ್ವಪದದ ಗಂಡಸರು ಬೈಠಕ್ಕಿನವರಿಗಿಂತ ಎತ್ತರದಲ್ಲಿ ಹಾಡುವುದೇ ಹೆಚ್ಚು. ಬಯಲಲ್ಲಿ, ತಾಳ-ದಮ್ಮಡಿಗಳ ನಡುವೆ ದನಿ ದಾಟಬೇಕಲ್ಲ. ಹೆಣ್ಣುಮಕ್ಕಳ ಶ್ರುತಿ ಕರಿ ನಾಲ್ಕು, ಕರಿ ಐದರ ಆಸುಪಾಸಿಗೆ ಇದ್ದರೆ ದಂಡಿ ಇನ್ನೂ ಗಿಡ್ಡ ಬೇಕು, ತಂತಿ ಇನ್ನೂ ಸಣ್ಣದು ಬೇಕು. ದಕ್ಷಿಣದಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ತಂಬೂರಿಯನ್ನು ಹೆಗಲಿಗಾನಿಸಿ ಇಡೀ ರಾತ್ರಿ ಹಾಡುತ್ತಾರೆ. ಅವರಿಗೆ ಶ್ರುತಿಯಷ್ಟೇ ತೂಕವೂ ಮುಖ್ಯ. ಅರ್ಧ ತಾಸು ಹೆಗಲ ಮೇಲಿಟ್ಟುಕೊಂಡು ನೋಡದೆ ಅಂಥ ವಾದ್ಯಕ್ಕೆ ಹೂಂ ಅನ್ನಬಾರದು.

ಇನ್ನು ಬುರುಡೆ. ತಂಬೂರಿಯ ಮಾತು ಬಂದರೆ ನಮ್ಮ ಕಡೆ ಎಲ್ಲರೂ ಮಿರಜದ ಹೆಸರು ಹೇಳುತ್ತಾರೆ, ಅದು ನ್ಯಾಯವೇ. ಆಯುಧ ಮಸೆಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಅಲ್ಲಿ ಈ ಕಸುಬಿಗೆ ತಿರುಗಿಕೊಂಡರು. ಮಿರಜದ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. ಬುರುಡೆಗಳು ಬರುವುದು ಪಂಢರಪುರದ ಸುತ್ತ, ಭೀಮೆಯ ದಂಡೆಯ ಹೊಲಗಳಿಂದ. ಅಡುಗೆಯ ಸೋರೆಯಲ್ಲ, ತಿನ್ನಲಾಗದ ಕಹಿ ಜಾತಿ, ದಪ್ಪ ತೊಗಟೆಯದು. ಅದು ಬಳ್ಳಿಯಲ್ಲೇ ಬಲಿತು ಒಣಗಬೇಕು. ಅವಸರಕ್ಕೆ ಹಸಿಯಾಗಿ ಕಿತ್ತದ್ದು ಮೇಲೆ ನೋಡಲು ಅಷ್ಟೇ ಚಂದ ಇರುತ್ತದೆ. ತಬಲಿ ಹಾಕುವ ಮುಂಚೆ ಒಳಗಂಚಿಗೆ ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಬಲಿತದ್ದರ ಮೇಲೆ ಉಗುರು ಜಾರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕಸುಬಿಗೆ ಬಿದ್ದ ಹೊಸತರಲ್ಲಿ, ಮಳೆಗಾಲದಲ್ಲಿ, ಒಬ್ಬ ಅಕ್ಕ ಮಗಳ ಹಾಡಿನ ಕಾರ್ಯಕ್ರಮಕ್ಕೆ ಬೇಕು ಅಂತ ಅವಸರ ಮಾಡಿದರು. ಬುರುಡೆಯನ್ನು ನೆನೆಸಿ ಬಾಯಿ ಅಗಲಿಸಿದ ಮೇಲೆ ಅದು ಮತ್ತೆ ಪೂರ್ತಿ ಒಣಗುವವರೆಗೆ ಕಾಯಬೇಕಿತ್ತು. ನಾನು ಕಾಯಲಿಲ್ಲ. ಜಿಟಿಜಿಟಿ ಮಳೆಯಲ್ಲೇ ತಬಲಿ ಅಂಟಿಸಿ ಕೊಟ್ಟೆ. ಮುಂದಿನ ಬ್ಯಾಸಗಿಯಲ್ಲಿ ಬುರುಡೆ ಬಿಗಿದುಕೊಂಡು ತಬಲಿಯ ಅಂಚು ಬಾಯಿ ಬಿಟ್ಟಿತು. ಆ ಅಕ್ಕ ಒಂದು ಮಾತೂ ಬೈಯಲಿಲ್ಲ. "ಹೆಂಗಾತ್ರೀ ಇದು" ಅಂತಷ್ಟೇ ಕೇಳಿದರು. ಹೊಸದೊಂದನ್ನು ಮಾಡಿಕೊಟ್ಟೆ, ಹಣ ಮುಟ್ಟಲಿಲ್ಲ. ಆದರೆ ಆ ಹುಡುಗಿಯ ಒಂದು ವರ್ಷದ ಅಭ್ಯಾಸಕ್ಕೆ ಆದ ಅಡ್ಡಿಯನ್ನು ನಾನು ತುಂಬಿಕೊಡಲಾಗಲಿಲ್ಲ. ಅಂದಿನಿಂದ ಯಾರೇ ಅವಸರ ಮಾಡಿದರೂ, ಬೇಕಾದರೆ ನನ್ನದೇ ಹಳೆಯ ತಂಬೂರಿಯನ್ನು ಒಂದೆರಡು ತಿಂಗಳಿಗೆ ಕೊಟ್ಟು ಕಳಿಸುತ್ತೇನೆ, ಹಸಿ ಬುರುಡೆ ಮುಟ್ಟುವುದಿಲ್ಲ. ಮಾಡುವವನು "ಇನ್ನೂ ಎರಡು ತಿಂಗಳು ಬೇಕು" ಅಂದರೆ ಬೇಸರ ಮಾಡಿಕೊಳ್ಳಬೇಡಿ. "ನಾಳೆನೇ ಒಯ್ರಿ" ಅಂದರೆ ಸ್ವಲ್ಪ ಯೋಚನೆ ಮಾಡಿ.

ಹುಳದ ಕಾಟ ಇನ್ನೊಂದು. ಕೊರೆಯುವ ಹುಳ ಒಳಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ವಾದ್ಯವನ್ನಿಟ್ಟು, ಬೆಳಿಗ್ಗೆ ಅಂಗೈಯಿಂದ ಮೆಲ್ಲಗೆ ತಟ್ಟಿ ನೋಡಿ. ರವೆಯಂಥ ಪುಡಿ ಬಿದ್ದರೆ ಒಳಗೆ ಸಂಸಾರ ನಡೆದಿದೆ ಎಂದೇ ಅರ್ಥ. ತಬಲಿ ಮುಚ್ಚುವ ಮುಂಚೆ ಒಳಗೆ ಮೈಲುತುತ್ತದ ನೀರು ಬಳಿಯುವುದು ನನ್ನ ರೂಢಿ. ನಿಮ್ಮವರು ಏನು ಬಳಿಯುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಏಕತಾರಿಯ ಬಿದಿರಿಗೂ ಇದೇ ಮಾತು. ಎಳೆ ಬಿದಿರನ್ನು ಹುಳ ಬಿಡುವುದಿಲ್ಲ.

ದಂಡಿಯನ್ನು ಪರೀಕ್ಷಿಸಲು ಮೇಲ್ತುದಿಗೆ ಒಂದು ಕಣ್ಣಿಟ್ಟು ಕೆಳಗಿನವರೆಗೆ ನೋಡಿ, ಬಡಿಗೇರರು ಹಲಗೆ ನೋಡುವ ಹಾಗೆ. ಮರ ಸಾಮಾನ್ಯವಾಗಿ ತುನ್, ನಮ್ಮ ಮಲೆನಾಡಿನ ಗಂಧಗರಿಗೆ; ಹಗುರ, ನಾದಕ್ಕೆ ಒಳ್ಳೆಯದು. ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ. ಕಿರುಗುಟ್ಟಬಾರದು, ಕೈಬಿಟ್ಟ ಮೇಲೆ ಹಿಂದಕ್ಕೆ ಜಾರಲೂಬಾರದು. ಕೆತ್ತನೆ, ಹೂಬಳ್ಳಿ, ಹೊಳಪು ಇವನ್ನು ಕೊನೆಗೆ ನೋಡಿದರಾಯಿತು. ದಪ್ಪನೆ ಬಣ್ಣ ಬಳಿದು ತಬಲಿಯನ್ನು ಕನ್ನಡಿ ಮಾಡಿದ್ದರೆ ನಾದ ಉಸಿರುಗಟ್ಟುತ್ತದೆ. ಅರಗಿನ ತೆಳ್ಳನೆ ಪಾಲಿಶ್ ಸಾಕು.

ಆದರೆ ನಾನು ಹೆಚ್ಚು ಹೊತ್ತು ಕೂರುವುದು ಕುದುರೆಯ ಮುಂದೆ. ನೀವೂ ಅಲ್ಲೇ ಕೂರಬೇಕು. ತಂಬೂರಿಯ ಕುದುರೆಯ ಬೆನ್ನು ಅಗಲ, ಮೇಲ್ಮೈ ಸಪಾಟಲ್ಲ. ಕಣ್ಣಿಗೆ ಕಾಣದಷ್ಟು ಇಳಿಜಾರಿನ ಉಬ್ಬು. ತಂತಿ ಆ ಉಬ್ಬಿಗೆ ತಾಗಿಯೂ ತಾಗದಂತೆ ಮಲಗಿರುತ್ತದೆ. ಕೆಳಗೆ ಸಣ್ಣದೊಂದು ಹತ್ತಿಯ ಎಳೆ, ಅದೇ ಜೀವಾಳ. ಒಮ್ಮೆ ಮಾಡುವವರ ಪಕ್ಕದಲ್ಲಿ ಕೂತು ನೋಡಿ: ಒಂದು ಕೈಯಲ್ಲಿ ತಂತಿ ಮೀಟುತ್ತಾ ಇನ್ನೊಂದು ಕೈಯಿಂದ ಎಳೆಯನ್ನು ಅಕ್ಕಿಕಾಳಿನಷ್ಟು ಜರುಗಿಸುತ್ತಾರೆ. ನಾದ ಮುಚ್ಚಿಕೊಂಡೇ ಇರುತ್ತದೆ, ಟಣ್ ಅಂದು ಸುಮ್ಮನಾಗುತ್ತದೆ. ಇನ್ನೊಂದಿಷ್ಟು ಜರುಗಿಸುತ್ತಾರೆ, ಸ್ವಲ್ಪ ಒಡೆದ ದನಿ. ಇನ್ನೂ ಎಳೆಯ ದಪ್ಪದಷ್ಟು. ಆಗ ಒಮ್ಮೆಲೇ ತಂತಿಯ ನಾದ ಬಿಚ್ಚಿಕೊಳ್ಳುತ್ತದೆ. ಒಂದೇ ಷಡ್ಜದೊಳಗಿಂದ ಪಂಚಮ, ಅದರ ಮೇಲಿನ ಗಾಂಧಾರ ಎಲ್ಲ ಒಂದರ ಹಿಂದೊಂದು ಹೊರಬಂದು ಕೋಣೆ ತುಂಬುತ್ತವೆ. ಅದನ್ನು ಕೇಳಿದ ಮಕ್ಕಳು ಬುರುಡೆಯೊಳಗೆ ಯಾರಾದರೂ ಇದ್ದಾರಾ ಅಂತ ಬಗ್ಗಿ ನೋಡಿದ್ದನ್ನು ನಾನು ಕಂಡಿದ್ದೇನೆ.

ನಾಲ್ಕೂ ತಂತಿಗಳಲ್ಲಿ ಈ ಬಿಚ್ಚುವಿಕೆ ಒಂದೇ ಸಮ ಇರಬೇಕು, ಹಿತ್ತಾಳೆಯ ಖರ್ಜದಲ್ಲೂ, ಅಂದರೆ ಮಂದ್ರ ಷಡ್ಜದ ದಪ್ಪ ತಂತಿಯಲ್ಲೂ. ಖರ್ಜವೊಂದೇ ಮೊಂಡಾಗಿದ್ದರೆ ಎದ್ದು ಬರಬೇಡಿ, ಕುದುರೆ ಮತ್ತೊಮ್ಮೆ ಮಸೆಯಲು ಹೇಳಿ. ಹಾಗೆ ಕೇಳಿದರೆ ಒಳ್ಳೆಯ ಕೆಲಸಗಾರನಿಗೆ ಸಿಟ್ಟು ಬರುವುದಿಲ್ಲ, ಕಿವಿ ಇರುವ ಗಿರಾಕಿ ಸಿಕ್ಕರು ಅಂತ ಖುಷಿಯೇ ಆಗುತ್ತದೆ. ತಂತಿ ಉಜ್ಜಿ ಉಜ್ಜಿ ಕುದುರೆಯ ಮೇಲೆ ಗೆರೆ ಬೀಳುತ್ತದೆ. ದಿನಾ ನುಡಿಸುವವರು ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಜವಾರಿ ತೆಗೆಸಬೇಕು, ಅಂದರೆ ಕುದುರೆಯ ಮೈ ಮಸೆಸಿ ನಾದ ಬಿಡಿಸಬೇಕು. ಆದ್ದರಿಂದ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ "ಎಷ್ಟು ಕಡಿಮೆ ಮಾಡ್ತೀರಿ" ಅನ್ನುವುದಲ್ಲ, "ಮುಂದಿನ ಜವಾರಿ ಯಾರು ತೆಗೀತಾರ" ಅನ್ನುವುದು.

ಕುದುರೆ ಯಾವುದರದು ಎಂದೂ ಕೇಳಿ. ಮೂಳೆ, ಕರಿಮರ, ಈಚೆಗೆ ಗಟ್ಟಿ ಪ್ಲಾಸ್ಟಿಕ್ಕು ಎಲ್ಲವೂ ನಡೆಯುತ್ತವೆ. ಜಿಂಕೆ, ಸಾರಂಗದ ಕೊಂಬಿನದು ಬೇಕು ಎಂದು ಹಟ ಹಿಡಿಯುವವರು ಈಗಲೂ ಬರುತ್ತಾರೆ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ. ಉಡದ ಚರ್ಮ ಹೊದಿಸಿದ ದಮ್ಮಡಿಗೂ ಇದೇ ಕಾನೂನು. ನಾದಕ್ಕೆ ಅವು ಬೇಕೇ ಬೇಕು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಚೆನ್ನಾಗಿ ಮಸೆದ ಒಂಟೆ ಮೂಳೆಯ ಮುಂದೆ ಕಣ್ಣು ಮುಚ್ಚಿ ಕೂತರೆ ವ್ಯತ್ಯಾಸ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ.

ಚೌಡಿಕೆಯದು ಬೇರೆಯೇ ಲೆಕ್ಕ. ಯಲ್ಲಮ್ಮನ ಪದ ಹಾಡುವ ಆ ವಾದ್ಯದಲ್ಲಿ ತಂತಿ ಹುಟ್ಟುವುದೇ ಚರ್ಮದ ನಡುವಿನಿಂದ. ಚರ್ಮ ಬಿಗಿದರೆ ಶ್ರುತಿ ಏರುತ್ತದೆ, ಥಂಡಿ ಹವೆಗೆ ಸಡಿಲಾದರೆ ಇಳಿಯುತ್ತದೆ. ಅಲ್ಲಿ ನೋಡಬೇಕಾದ್ದು ತಂತಿಯ ಗಂಟಿನ ಕೆಳಗಿನ ಬಿಲ್ಲೆ. ಅದಿಲ್ಲದಿದ್ದರೆ ತಂತಿ ಚರ್ಮವನ್ನು ಹರಿದುಕೊಂಡು ಬರುತ್ತದೆ.

ಬೆಂಗಳೂರಿನಿಂದಲೋ ಪರದೇಶದಿಂದಲೋ ಫೋನು ಮಾಡಿ ತರಿಸಿಕೊಳ್ಳುವ ಕನ್ನಡಿಗರು ಈಗ ಬಹಳ. ನಿಮ್ಮ ಹಾಡನ್ನು ರೆಕಾರ್ಡ್ ಮಾಡಿ ಮೊದಲು ಕಳಿಸಿ. ವಾದ್ಯದ ದನಿಯನ್ನು ನೀವು ಕೇಳುವಾಗ ಫೋನಿನ ಸ್ಪೀಕರನ್ನು ನಂಬಬೇಡಿ. ಕರಿ ಒಂದರ ಖರ್ಜ ಸುಮಾರು 69 ಹರ್ಟ್ಸ್, ಅಂಗೈಯಗಲದ ಫೋನಿಗೆ ಅದು ಎಟುಕುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಕಳಿಸುವಾಗ ತಂತಿ ಸಡಿಲಿಸಿ, ಕುದುರೆಯ ಸುತ್ತ ಬಟ್ಟೆ ತುಂಬಿ, ಗಟ್ಟಿ ಪೆಟ್ಟಿಗೆಯಲ್ಲೇ ಕಳಿಸಬೇಕು. ಮರ, ಬುರುಡೆ, ಚರ್ಮದ ವಸ್ತುಗಳನ್ನು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇಳಿದ ಕೂಡಲೇ ಘೋಷಿಸಬೇಕು, ಹುಳದ ಗುರುತು ಕಂಡರೆ ತಡೆಯುತ್ತಾರೆ. ಬಿಳಿ ಬಟ್ಟೆಯ ಪರೀಕ್ಷೆ ಆಗ ಇನ್ನೂ ಮುಖ್ಯ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅರ್ಧ ಮುಂಗಡ, ಉಳಿದದ್ದು ನುಡಿಸಿ ನೋಡಿದ ಮೇಲೆ. ಒಂದು ಚೀಟಿಯಲ್ಲಿ ಶ್ರುತಿ, ತಂತಿಯ ಉದ್ದ, ಮರ, ಕುದುರೆ ಯಾವುದರದು, ಮೊದಲ ವರ್ಷದ ರಿಪೇರಿ ಯಾರ ಮೇಲೆ ಅನ್ನುವುದನ್ನು ಬರೆದು ಇಬ್ಬರೂ ಇಟ್ಟುಕೊಳ್ಳಿ.

ಅಜ್ಜನಿಗೆ ಬಿಳಿ ನಾಲ್ಕಕ್ಕೆ ಗಿಡ್ಡ ದಂಡಿಯ ತಂಬೂರಿ ಮಾಡಿಕೊಟ್ಟೆ. ದೀಪಾವಳಿ ಕಳೆದ ಮೇಲೆ ಬಂದು ಒಯ್ದರು. ಅವರ ಹಳೆಯದನ್ನು ನಾನೇ ಕೊಂಡು ಹೊಸ ತಬಲಿ ಹಾಕಿ, ದಂಡಿ ಸರಿಮಾಡಿ ಗೋಡೆಗೆ ಒರಗಿಸಿದ್ದೇನೆ. ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಬೆಲೆ ಬರೆದಿಲ್ಲ, ಕರಿ ಒಂದು ಎಂದು ಬರೆದಿದೆ. ಮೊನ್ನೆ ಗದಗಿನ ಮಾಸ್ತರರೊಬ್ಬರು ಅದನ್ನು ಮುಟ್ಟಿ ನೋಡಿ ದರ ಕೇಳಿದರು. ಚಾಪೆ ಹಾಸಿ, ಹಾರ್ಮೋನಿಯಂ ಮುಂದಿಟ್ಟು, "ಕೂಡ್ರಿ ಸರ, ಒಂದ್ ನುಡಿ ಹಾಡ್ರಿ" ಎಂದೆ.