ನೀರು ಬದಲಿಸಿದ ಮೇಲೂ ಹಾಟ್ ಟಬ್‌ನಲ್ಲಿ ಲೋಳೆ ಏಕೆ?

ಪ್ರಶ್ನೆ: ಮನೆಯಲ್ಲಿ ಬಿಸಿನೀರಿನಲ್ಲಿ ಕೂರಲು ಇಟ್ಟಿರುವ ದೊಡ್ಡ ತೊಟ್ಟಿಯ, ಅಂದರೆ ಹಾಟ್ ಟಬ್‌ನ ನೀರನ್ನು ಮೊನ್ನೆಯಷ್ಟೇ ಬದಲಿಸಿದೆವು. ನೀರು ತಿಳಿಯಾಗಿದೆ, ಕ್ಲೋರಿನ್ ಕೂಡ ಹಾಕಿದ್ದೇವೆ. ಆದರೂ ಜೆಟ್ (ನೀರು ರಭಸವಾಗಿ ಚಿಮ್ಮಿಸುವ ತೂತು) ಹಾಕಿದ ಕೂಡಲೇ ನೊರೆ ಬರುತ್ತದೆ, ಲೋಳೆಯ ಚೂರುಗಳು ತೇಲುತ್ತವೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನೀವು ಬದಲಿಸಿದ್ದು ಟಬ್‌ನ ನೀರನ್ನು. ಕೊಳೆ ಇರುವುದು ಪೈಪುಗಳ ಒಳಗೆ. ಟಬ್ ಖಾಲಿ ಮಾಡಿದರೂ ಪೈಪಿನ ತಿರುವುಗಳಲ್ಲಿ ಸ್ವಲ್ಪ ನೀರು ನಿಂತೇ ಇರುತ್ತದೆ. ಮೈಯಿಂದ ಬಂದ ಎಣ್ಣೆ, ಬೆವರು, ಸೋಪಿನ ಅಂಶ ಅಲ್ಲಿ ಅಂಟುತ್ತವೆ. ಅದನ್ನೇ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಕ್ಲೋರಿನ್ ಈ ಪದರದ ಮೇಲ್ಭಾಗದಲ್ಲೇ ಖರ್ಚಾಗಿಬಿಡುತ್ತದೆ, ಒಳಗಿನವು ಬದುಕಿಕೊಳ್ಳುತ್ತವೆ. ನೀರಿಗೆ ಅದ್ದಿ ಕ್ಲೋರಿನ್ ನೋಡುವ ಟೆಸ್ಟ್ ಸ್ಟ್ರಿಪ್ ಟಬ್‌ನ ನೀರಿನ ವಿಷಯ ಹೇಳುತ್ತದೆ ಅಷ್ಟೇ, ಪೈಪಿನದ್ದಲ್ಲ.

ಇದು ಬರೀ ಗಲೀಜಿನ ಮಾತಲ್ಲ. ಈ ಲೋಳೆಯಲ್ಲಿ ಚರ್ಮಕ್ಕೆ ಗುಳ್ಳೆ ಬರಿಸುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬುದು ಕೂಡ ಇರಬಹುದು. ಲೀಜಿಯೊನೆಲ್ಲಾ ಮೈಗೆ ತಾಗಿ ಬರುವುದಲ್ಲ, ಟಬ್ಬಿನ ನೀರಿನ ಮೇಲಿನ ಗುಳ್ಳೆ ಒಡೆದಾಗ ಏಳುವ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಹೋಗುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನದಲ್ಲಿ ಮಾದರಿಗೆಂದು ಇಟ್ಟಿದ್ದ ಇಂಥ ಟಬ್‌ನಿಂದಲೇ ಸೋಂಕು ಹರಡಿತ್ತು. ಸುಮಾರು 30 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಅದರ ಹತ್ತಿರ ಹಾದುಹೋದವರು ಅಷ್ಟೇ.

ಹಾಗಾಗಿ ಪೈಪ್ ತೊಳೆಯುವ ಕೆಲಸ ಹಳೆಯ ನೀರನ್ನು ಹೊರಗೆ ಬಿಡುವ ಮೊದಲೇ ಆಗಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಹಳೆಯ ನೀರು ತುಂಬಿರುವಾಗಲೇ ಹಾಟ್ ಟಬ್ ಪೈಪಿಗೆಂದೇ ಸಿಗುವ ಕ್ಲೀನರ್ ಹಾಕಿ. ಎಲ್ಲ ಜೆಟ್‌ಗಳನ್ನೂ ಗಾಳಿ ಹಾಯಿಸುವ ತಿರುಗುಗುಂಡಿಗಳನ್ನೂ ತೆರೆದಿಡಿ. ನೀರಿನ ದಿಕ್ಕು ಬದಲಿಸುವ ಹಿಡಿ ಇದ್ದರೆ ಆಗಾಗ ತಿರುಗಿಸುತ್ತಿರಿ, ಇಲ್ಲದಿದ್ದರೆ ಕೆಲವು ಪೈಪಿಗೆ ಮದ್ದು ತಲುಪುವುದೇ ಇಲ್ಲ. ಎಷ್ಟು ಹೊತ್ತು ಓಡಿಸಬೇಕು, ಫಿಲ್ಟರ್ ತೆಗೆದಿಡಬೇಕೇ ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ. ಈ ಹೊತ್ತಲ್ಲಿ ಯಾರೂ ಟಬ್‌ಗೆ ಇಳಿಯಬಾರದು, ಹತ್ತಿರ ಬಗ್ಗಿ ನೋಡುವುದೂ ಬೇಡ. ಕಂದು ಅಥವಾ ಬೂದು ನೊರೆ ಎದ್ದರೆ ಗಾಬರಿಯಾಗಬೇಡಿ, ಹೊರಬರಬೇಕಾದ್ದೇ ಅದು. ಜಾಸ್ತಿ ಬಂದರೆ ಇನ್ನೊಂದು ಸಲ ಮಾಡಿ.

ಆಮೇಲೆ ಕರೆಂಟ್ ಆಫ್ ಮಾಡಿ ನೀರನ್ನು ಹೊರಗೆ ಬಿಡಿ, ಗೋಡೆ ಮತ್ತು ಮುಚ್ಚಳದ ಒಳಬದಿ ಒರೆಸಿ. ಹಳೆಯ ಫಿಲ್ಟರ್ ಅನ್ನು ತೊಳೆಯದೆ ವಾಪಸ್ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸದನ್ನೇ ಹಾಕುವುದು ಒಳ್ಳೆಯದು ಅನ್ನುತ್ತೇನೆ. ಬೇರೆ ಬೇರೆ ರಾಸಾಯನಿಕಗಳನ್ನು ಮಾತ್ರ ಎಂದಿಗೂ ಬೆರೆಸಬೇಡಿ. ಕ್ಲೋರಿನ್‌ಗೆ ಆಮ್ಲ ಸೇರಿದರೆ ವಿಷದ ಗಾಳಿ ಏಳುತ್ತದೆ.

ಹೊಸ ನೀರಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3 ಭಾಗ), ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7ರಿಂದ 7.8 ಇರಲಿ. ಬಿಸಿನೀರಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಹಾಗಾಗಿ ಇಳಿಯುವ ಮುನ್ನ ಪ್ರತಿ ಸಲ ನೋಡಬೇಕು. ನೀರು ಬದಲಿಸುವ ಲೆಕ್ಕ ಸುಲಭ: ಟಬ್ ಹಿಡಿಯುವ ಲೀಟರನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಿ. 1200 ಲೀಟರಿನ ಟಬ್‌ಗೆ ದಿನವೂ ಇಬ್ಬರು ಇಳಿದರೆ ಸುಮಾರು 54 ದಿನಕ್ಕೊಮ್ಮೆ.

ಟಬ್ ಬಳಸಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಹಾಟ್ ಟಬ್ ಬಳಸಿದ್ದನ್ನು ಅವರು ಕೇಳುವ ಮೊದಲೇ ಹೇಳಿ, ಯಾವ ಪರೀಕ್ಷೆ ಮಾಡಿಸಬೇಕು ಎಂದು ತೀರ್ಮಾನಿಸಲು ಅವರಿಗೆ ಅದು ಬೇಕಾಗುತ್ತದೆ.