ಎಲ್ಲಿಗೆ ನಿಲ್ಲಿಸಿದ್ದೆವು?

97 ಪರ್ಸೆಂಟ್ ಆಗಿತ್ತು. 4.7 ಜಿಬಿಯ ಫೈಲು, ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. ಅಷ್ಟರಲ್ಲಿ ಬೇರೆ ಕೆಲಸಕ್ಕೆ ನೆಟ್ ಬೇಕಾಯಿತು, ಪಾಜ್ ಒತ್ತಿದೆ. ಆಮೇಲೆ ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ರೆಸ್ಯೂಮ್ ಒತ್ತಿದರೆ ಡೌನ್‌ಲೋಡ್ ಮ್ಯಾನೇಜರು ಒಂದು ಕ್ಷಣ ತಡವರಿಸಿ, ಸೊನ್ನೆಯಿಂದ ಶುರು ಹಚ್ಚಿಕೊಂಡಿತು. ರಾತ್ರಿಯಿಡೀ ಇಳಿಸಿದ್ದು ನೀರಲ್ಲಿ ಹೋಮ. ಬೈಯೋಣ ಅಂದರೆ ಯಾರನ್ನು ಬೈಯುವುದು? ಮ್ಯಾನೇಜರನ್ನೋ, ಫೈಲು ಕಳಿಸುವ ಆ ಕಡೆಯ ಕಂಪ್ಯೂಟರಾದ ಸರ್ವರನ್ನೋ, ಪಾಜ್ ಒತ್ತಿದ ನನ್ನನ್ನೋ? ಆ ಸಿಟ್ಟಿನಲ್ಲೇ ಕೆದಕಲು ಕೂತೆ.

ಪಾಜ್ ಬಟನ್ ಒತ್ತಿದಾಗ ನಲ್ಲಿ ನಿಲ್ಲಿಸಿದ ಹಾಗೆ ಅನಿಸುತ್ತದೆ, ಅಲ್ವಾ? ನೀರು ಪೈಪಿನಲ್ಲಿ ಹಾಗೇ ನಿಂತಿರುತ್ತದೆ, ತಿರುಗಿಸಿದರೆ ಮತ್ತೆ ಬರುತ್ತದೆ ಅಂತ. ಡೌನ್‌ಲೋಡ್ ಹಾಗಲ್ಲ. ಫೋನಿನಲ್ಲಿ ಒಬ್ಬರು ಉದ್ದನೆಯ ಪಟ್ಟಿ ಓದಿ ಹೇಳುತ್ತಿದ್ದಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಪಾಜ್ ಅಂದರೆ ಫೋನ್ ಇಟ್ಟುಬಿಡುವುದು. ಓದುತ್ತಿದ್ದವರೋ ಮಹಾ ಮರೆಗುಳಿ. ಫೋನ್ ಇಟ್ಟ ಮರುಕ್ಷಣ ನೀವು ಯಾರು, ಎಲ್ಲಿವರೆಗೆ ಓದಿದ್ದಾಯಿತು, ಎಲ್ಲವೂ ಮರೆತುಹೋಯಿತು. ರೆಸ್ಯೂಮ್ ಅಂದರೆ ಹೊಸದಾಗಿ ಫೋನ್ ಮಾಡಿ, ‘ಇಷ್ಟನೇ ಸಾಲಿನಿಂದ ಓದ್ತೀರಾ?’ ಅಂತ ಕೇಳುವುದು. ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವುದನ್ನು ನೆನಪಿಟ್ಟುಕೊಳ್ಳುವ ಹೊಣೆ ಪೂರ್ತಿಯಾಗಿ ಬರೆದುಕೊಳ್ಳುವವರದ್ದೇ.

ಸರ್ವರು ಬೇಕಂತಲೇ ಮರೆಗುಳಿ. ವೆಬ್ಬಿನ ಮಾತುಕತೆಯ ಕ್ರಮವಾದ ಎಚ್‌ಟಿಟಿಪಿಯನ್ನು ಕಟ್ಟಿದ್ದೇ ಹಾಗೆ. ಬರುವ ಒಂದೊಂದು ಕೋರಿಕೆಯೂ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು, ಹಿಂದಿನದನ್ನು ನೆನಪಿಟ್ಟು ಉತ್ತರಿಸುವ ಗೋಜಲು ಬೇಡ. ಅರ್ಧಕ್ಕೆ ಬಿಟ್ಟುಹೋದವರ ಲೆಕ್ಕವನ್ನೆಲ್ಲ ಸರ್ವರೇ ಇಟ್ಟುಕೊಳ್ಳಬೇಕು ಅಂದರೆ ಅದಕ್ಕೆ ಬೇರೆ ಕೆಲಸ ಮಾಡಲು ಪುರುಸೊತ್ತೇ ಇರುವುದಿಲ್ಲ.

ಪಾಜ್‌ನಲ್ಲಿ ಇನ್ನೊಂದು ಜಾತಿಯೂ ಇದೆ. ಕೆಲವು ತಂತ್ರಾಂಶಗಳು ಫೋನ್ ಇಡುವುದಿಲ್ಲ, ಸುಮ್ನೆ ಬರೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಬಂದ ಡೇಟಾ ಕಂಪ್ಯೂಟರಿನಲ್ಲಿ ಬಫರ್ ಅನ್ನುವ ಒಂದು ಸಣ್ಣ ತಾತ್ಕಾಲಿಕ ಜಾಗದಲ್ಲಿ ತುಂಬುತ್ತದೆ. ಅದು ತುಂಬಿದಾಗ ನಮ್ಮ ಕಡೆಯ ಟಿಸಿಪಿ, ಅಂದರೆ ಡೇಟಾ ಸಾಗಣೆ ನೋಡಿಕೊಳ್ಳುವ ವ್ಯವಸ್ಥೆ, ‘ನನ್ನಲ್ಲಿ ಜಾಗ ಸೊನ್ನೆ’ ಅಂತ ಆ ಕಡೆಗೆ ತಿಳಿಸುತ್ತದೆ. ಸರ್ವರು ಕಳಿಸುವುದನ್ನು ನಿಲ್ಲಿಸಿ, ಆಗಾಗ ‘ಈಗ ಜಾಗ ಆಯ್ತಾ?’ ಅಂತ ವಿಚಾರಿಸುತ್ತದೆ. ಎರಡು ನಿಮಿಷದ ಪಾಜ್‌ಗೆ ಇದು ಚೆನ್ನ. ರಾತ್ರಿಯಿಡೀ ಕಾಯುವಷ್ಟು ತಾಳ್ಮೆ ಯಾವ ಸರ್ವರಿಗೂ ಇರುವುದಿಲ್ಲ, ಅದೇ ಸಂಪರ್ಕ ಕಡಿದುಹಾಕುತ್ತದೆ. ಆಗ ಮತ್ತೆ ಮೊದಲನೆಯ ದಾರಿಯೇ ಗತಿ.

ಆ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನ್ನ ಫೈಲು ಸರಿಯಾಗಿ 4,70,00,00,000 ಬೈಟು. ಅದರಲ್ಲಿ 4,55,90,00,000 ಬಂದಿತ್ತು. ರೆಸ್ಯೂಮ್ ಒತ್ತಿದಾಗ ಮ್ಯಾನೇಜರು ಎಂದಿನ ಕೋರಿಕೆಗೆ ಒಂದು ಸಾಲು ಜಾಸ್ತಿ ಸೇರಿಸುತ್ತದೆ: ‘ರೇಂಜ್: ಬೈಟ್ಸ್=4559000000-’. ಕೊನೆಯ ಅಡ್ಡಗೆರೆಯ ಮುಂದೆ ಏನೂ ಇಲ್ಲ. ‘ಅಲ್ಲಿಂದ ಕೊನೆಯವರೆಗೆ’ ಅಂತ ಅರ್ಥ. ಸರ್ವರು ಒಪ್ಪಿದರೆ ಅದರ ಉತ್ತರ 206 ಅನ್ನುವ ಅಂಕಿಯಿಂದ ಶುರುವಾಗುತ್ತದೆ, ಅಂದರೆ ‘ಇದು ಇಡೀ ಫೈಲಲ್ಲ, ತುಂಡು’. ಜೊತೆಗೆ ‘4559000000-4699999999/4700000000’ ಅಂತ ತುಂಡಿನ ಎಲ್ಲೆಯನ್ನೂ ಹೇಳುತ್ತದೆ. ಕೊನೆಯ ಬೈಟಿನ ನಂಬರು 4700000000 ಅಲ್ಲ, ಅದಕ್ಕಿಂತ ಒಂದು ಕಡಿಮೆ. ಎಣಿಕೆ ಶುರುವಾಗುವುದೇ ಸೊನ್ನೆಯಿಂದ. ಇಲ್ಲಿ ಒಂದೇ ಒಂದು ಬೈಟು ಲೆಕ್ಕ ತಪ್ಪಿದರೂ ಅಲ್ಲಿಂದಾಚೆಗಿನ 14 ಕೋಟಿ ಬೈಟು ಒಂದು ಮನೆ ಆಚೀಚೆ ಜರುಗಿ ಕೂರುತ್ತವೆ. ಸಂಖ್ಯೆಯ ಗಾತ್ರವೂ ಕಾಟ ಕೊಟ್ಟದ್ದಿದೆ. ಹಿಂದೆ ಎಷ್ಟೋ ತಂತ್ರಾಂಶಗಳು ಈ ಎಣಿಕೆಯನ್ನು 32 ಬಿಟ್ಟಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647, ಅದನ್ನು ದಾಟಿದರೆ ಲೆಕ್ಕ ಮೈನಸ್ಸಿಗೆ ತಿರುಗುತ್ತಿತ್ತು. 2 ಜಿಬಿಯ ಹತ್ತಿರ ಬಂದು ಮುಗ್ಗರಿಸುವ ಡೌನ್‌ಲೋಡುಗಳ ಗುಟ್ಟು ಅದೇ.

ತುಂಡು ಕೇಳುವ ಈ ಸೌಕರ್ಯ ವೆಬ್ಬಿಗೆ ಹುಟ್ಟಿನಿಂದ ಬಂದದ್ದಲ್ಲ. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಅದು ಇರಲಿಲ್ಲ. 1997ರ ಜನವರಿಯಲ್ಲಿ ಬಂದ 1.1ರಲ್ಲಿ ಸೇರಿತು. ವೆಬ್ಬಿಗಿಂತ ಹಳಬರು ಇದನ್ನು ಮೊದಲೇ ಯೋಚಿಸಿದ್ದರು. ಫೈಲು ಸಾಗಿಸಲೆಂದೇ ಮಾಡಿದ 1985ರ ಎಫ್‌ಟಿಪಿ ನಿಯಮಗಳಲ್ಲಿ ‘ರೆಸ್ಟ್’ ಅನ್ನುವ ಆಜ್ಞೆ ಇದೆ. ಹೆಸರು ಕೇಳಿದರೆ ವಿಶ್ರಾಂತಿ ಅನಿಸುತ್ತದೆ, ಆದರೆ ಅದು ರೀಸ್ಟಾರ್ಟ್ ಅನ್ನುವುದರ ಮೊಟಕು ರೂಪ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಫೋನ್ ಲೈನಿನಲ್ಲಿ ಫೈಲು ಕಳಿಸಲು ಮಾಡಿದ ಝಡ್‌ಮೋಡೆಮ್ ಕೂಡ ಕಡಿದುಹೋದ ಫೈಲನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿತ್ತು. ಅವರಿಗೆ ಅದು ಬರೀ ಸೌಕರ್ಯ ಅಲ್ಲ, ಅನಿವಾರ್ಯ. ಆ ಮೇಲೆ ಬಂದ, ಫೋನ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 56 ಸಾವಿರ ಬಿಟ್ ಇಳಿಸುವ 56 ಕೆ ಮೋಡೆಮನ್ನೇ ತೆಗೆದುಕೊಳ್ಳಿ. ಒಂದು ಸಿಡಿಯಷ್ಟು, ಅಂದರೆ 650 ಎಂಬಿ ಇಳಿಸಲು, ಪೂರ್ತಿ ವೇಗ ಸಿಕ್ಕರೂ ಸುಮಾರು 26 ಗಂಟೆ. ಅಷ್ಟು ಹೊತ್ತು ಫೋನ್ ಲೈನು ಕಡಿಯದೆ ಇರುವುದುಂಟೇ?

ಸರಿ, ನನ್ನ ಕೇಸಿಗೆ ಬರೋಣ. ರೇಂಜ್ ಕೇಳಿದರೆ ಕೊಡಲೇಬೇಕು ಅಂತ ಸರ್ವರಿಗೆ ಕಡ್ಡಾಯ ಇಲ್ಲ. ಆ ಸಾಲನ್ನು ಕಂಡೂ ಕಾಣದ ಹಾಗೆ ಇದ್ದು, 200 ಅಂತ ಉತ್ತರ ಕೊಟ್ಟು, ಇಡೀ ಫೈಲನ್ನು ಮೊದಲಿಂದ ಕಳಿಸಬಹುದು. ಅದು ನಿಯಮದ ಪ್ರಕಾರವೇ. ಪೆದ್ದು ಮ್ಯಾನೇಜರಾದರೆ 200ಕ್ಕೂ 206ಕ್ಕೂ ವ್ಯತ್ಯಾಸ ನೋಡದೆ ಬಂದದ್ದನ್ನೆಲ್ಲ ಹಳೆಯದರ ಬಾಲಕ್ಕೆ ಅಂಟಿಸುತ್ತದೆ. ಆಗ 97 ಪರ್ಸೆಂಟಿನ ಹಿಂದೆ ಇನ್ನೊಂದು 100 ಪರ್ಸೆಂಟ್! ನನ್ನದು ಅಷ್ಟು ಪೆದ್ದಲ್ಲ. 200 ಬಂದದ್ದನ್ನು ನೋಡಿ ಹಳೆಯದನ್ನು ಪಕ್ಕಕ್ಕಿಟ್ಟು ಹೊಸ ಫೈಲು ತೆರೆದಿತ್ತು. ಹಾಗಾದರೆ ಸರ್ವರು 200 ಯಾಕೆ ಕೊಟ್ಟಿತು?

ಮೊದಲ ಅನುಮಾನ, ಈ ತಾಣ ರೇಂಜನ್ನೇ ಒಪ್ಪುವುದಿಲ್ಲವೇನೋ ಅಂತ. ಕೆಲವು ಕಡೆ ಅದು ಸಾಧ್ಯವೇ ಇಲ್ಲ. ನೀವು ಒಂದು ಫೋಲ್ಡರ್ ಆರಿಸಿದಾಗ ಆಗಿಂದಾಗಲೇ ಜಿಪ್ ಮಾಡುತ್ತಾ ಕಳಿಸುವ ತಾಣಗಳಿವೆ. ಅಲ್ಲಿ ಫೈಲು ಇನ್ನೂ ಹುಟ್ಟುತ್ತಾ ಇರುತ್ತದೆ, ಅದರ ಒಟ್ಟು ಅಳತೆ ಸರ್ವರಿಗೂ ಗೊತ್ತಿರುವುದಿಲ್ಲ. ಮ್ಯಾನೇಜರಿನಲ್ಲಿ ಪರ್ಸೆಂಟ್ ಜಾಗದಲ್ಲಿ ಬರೀ ಎಂಬಿ ಏರುತ್ತಾ ಹೋದರೆ ಅಂಥದ್ದೇ ಇರಬೇಕು ಅಂದುಕೊಳ್ಳಿ. ಅದಕ್ಕೆ ಪಾಜ್ ಒತ್ತುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು. ನನ್ನದಕ್ಕೆ ಅಳತೆ ಇತ್ತು, ಪರ್ಸೆಂಟೂ ಇತ್ತು. ಇನ್ನೊಂದು ಅನುಮಾನ, ಲಿಂಕಿನ ಅವಧಿ ಮುಗಿದಿರಬಹುದು ಅಂತ. ಲಾಗಿನ್ ಆದ ಮೇಲೆ ಸಿಗುವ ಉದ್ದುದ್ದ ಲಿಂಕುಗಳಿಗೆ ಹಾಲಿನ ಪ್ಯಾಕೆಟ್ಟಿನ ಹಾಗೆ ಅವಧಿ ಇರುತ್ತದೆ. ಮುಗಿದ ಮೇಲೆ ಕೇಳಿದರೆ 403, ‘ನಿಮಗೆ ಅನುಮತಿ ಇಲ್ಲ’. ಹಾಗಾದಾಗ ತಾಣಕ್ಕೆ ಹೋಗಿ ಹೊಸ ಲಿಂಕ್ ತಂದು ಹಳೆಯ ಡೌನ್‌ಲೋಡಿಗೆ ಹಾಕಿದರೆ ಎಷ್ಟೋ ಮ್ಯಾನೇಜರುಗಳು ಅಲ್ಲಿಂದಲೇ ಮುಂದುವರಿಸುತ್ತವೆ. ಇದನ್ನು ತಿಳಿಯದೆ ಅಳಿಸಿ ಮತ್ತೆ ಮೊದಲಿಂದ ಇಳಿಸುವವರೇ ಜಾಸ್ತಿ. ಆದರೆ ನನಗೆ 403 ಕೂಡ ಬಂದಿರಲಿಲ್ಲ.

ಈ ಅವಧಿಯ ಕಾಟ ಜಾಸ್ತಿ ಆಗುವುದು ಕ್ಯೂನಲ್ಲಿ. ಇಪ್ಪತ್ತು ಫೈಲು ಸಾಲಾಗಿ ಹಾಕಿ ನಿಶ್ಚಿಂತೆಯಾಗಿರುತ್ತೇವೆ. ಇಪ್ಪತ್ತನೆಯದರ ಸರದಿ ಬರುವಷ್ಟರಲ್ಲಿ ಅದರ ಲಿಂಕ್ ಸತ್ತಿರುತ್ತದೆ. ಕ್ಯೂನಲ್ಲಿ ಇನ್ನೊಂದು ಗೊಂದಲವೂ ಇದೆ. ಪಾಜ್ ಆಗಿರುವುದು ಬೇರೆ, ಸರದಿಗೆ ಕಾಯುತ್ತಿರುವುದು ಬೇರೆ. ಒಂದನ್ನು ಪಾಜ್ ಮಾಡಿದ ತಕ್ಷಣ ಅದರ ಜಾಗಕ್ಕೆ ಹಿಂದಿನದು ಬಂದು ಕೂರುತ್ತದೆ. ಆಮೇಲೆ ರೆಸ್ಯೂಮ್ ಒತ್ತಿದರೆ ‘ಏನೂ ಆಗ್ತಿಲ್ವಲ್ಲ’ ಅನಿಸುವುದು ಅದಕ್ಕೇ. ಎದ್ದುಹೋದವರ ಸೀಟು ಖಾಲಿ ಇರುವುದಿಲ್ಲ. ನೆಟ್ ಬಿಡುವಾಗಲಿ ಅಂತ ಒಂದೇ ಫೈಲನ್ನು ಪಾಜ್ ಮಾಡಿದರೆ ಪ್ರಯೋಜನವೂ ಇಲ್ಲ, ಇಡೀ ಕ್ಯೂವನ್ನೇ ನಿಲ್ಲಿಸಬೇಕು.

ಒಂದೇ ಸಲಕ್ಕೆ ಎಷ್ಟು ಫೈಲು ಬಿಡಬೇಕು? ಏರಿಯಾ2 ಅನ್ನುವ ಡೌನ್‌ಲೋಡ್ ತಂತ್ರಾಂಶ ತಾನಾಗಿ 5 ಬಿಡುತ್ತದೆ. ನಾನಾದರೆ ದೊಡ್ಡ ಫೈಲುಗಳಿಗೆ ಒಂದು, ಹೆಚ್ಚೆಂದರೆ ಎರಡು ಅನ್ನುತ್ತೇನೆ. ಲೆಕ್ಕ ನೋಡಿ. ಒಂದೊಂದೇ ಆದರೆ ತಲಾ ಒಂದು ಗಂಟೆ ಹಿಡಿಯುವ ಎರಡು ಫೈಲು ಇವೆ, ಅಡಚಣೆ ಇರುವುದು ನಮ್ಮ ಲೈನಿನಲ್ಲೇ ಅಂತಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡೂ ಮುಗಿಯುವುದು ಎರಡನೇ ಗಂಟೆಗೆ. ಒಂದಾದ ಮೇಲೆ ಒಂದು ಬಿಟ್ಟರೆ ಮೊದಲನೆಯದು ಒಂದನೇ ಗಂಟೆಗೇ ಕೈಗೆ ಬರುತ್ತದೆ, ಎರಡನೆಯದು ಎರಡಕ್ಕೆ. ಯಾರಿಗೂ ನಷ್ಟ ಇಲ್ಲ. ಗಂಟೆಯ ಹೊತ್ತಿಗೆ ನೆಟ್ ಹೋಯಿತು ಅನ್ನಿ, ಅಲ್ಲಿ ಎರಡು ಅರೆಬರೆ ಫೈಲು, ಇಲ್ಲಿ ಒಂದು ಪೂರ್ತಿ. ಆ ಕಡೆಯ ಸರ್ವರೇ ನಿಧಾನವಾಗಿದ್ದರೆ ಮಾತು ಬೇರೆ. ಆಗ ಬೇರೆ ಬೇರೆ ಸರ್ವರುಗಳಿಂದ ಒಟ್ಟಿಗೆ ಎಳೆಯುವುದರಲ್ಲಿ ಲಾಭ ಇದೆ.

ಒಂದೇ ಫೈಲನ್ನು ನಾಲ್ಕೆಂಟು ತುಂಡು ಮಾಡಿ ಒಟ್ಟಿಗೆ ಎಳೆಯುವ ಮ್ಯಾನೇಜರುಗಳೂ ಇವೆಯಲ್ಲ, ಅವು ಬಳಸುವುದೂ ಇದೇ ರೇಂಜ್ ಸಾಲನ್ನು. ಆದರೆ ಅಲ್ಲಿ ಪಾಜ್ ಮಾಡಿದರೆ ನೆನಪಿಡಬೇಕಾದದ್ದು ಒಂದು ಸಂಖ್ಯೆ ಅಲ್ಲ, ಒಂದು ನಕ್ಷೆ. ಮೊದಲ ತುಂಡಿನಲ್ಲಿ ಇಷ್ಟು, ಮೂರನೆಯದರಲ್ಲಿ ಅಷ್ಟು, ನಡುವೆ ತೂತು. ಆ ನಕ್ಷೆಯನ್ನು ಏರಿಯಾ2 ಪಕ್ಕದಲ್ಲೇ ತನ್ನ ಹೆಸರಿನ ಬಾಲವಿರುವ ಪುಟ್ಟ ಫೈಲಿನಲ್ಲಿ ಇಡುತ್ತದೆ. ಎಷ್ಟೋ ಸಲ ದೊಡ್ಡ ಫೈಲಿಗೆ ಡಿಸ್ಕಿನಲ್ಲಿ ಪೂರ್ತಿ ಜಾಗ ಮೊದಲೇ ಕಾದಿರಿಸಿರುತ್ತಾರೆ. ಫೋಲ್ಡರ್ ತೆರೆದರೆ 4.7 ಜಿಬಿ ಅಂತಲೇ ತೋರಿಸುತ್ತದೆ, ಒಳಗೆ ಅರ್ಧ ಬರೀ ಸೊನ್ನೆ. ‘ಇದೇನೋ ಕಸ’ ಅಂತ ಆ ಪುಟ್ಟ ಫೈಲನ್ನು ಅಳಿಸಿದಿರೋ, ಎಲ್ಲಿ ಡೇಟಾ ಇದೆ ಎಲ್ಲಿ ತೂತಿದೆ ಅಂತ ಹೇಳುವವರೇ ಇಲ್ಲ.

ಬಿಟ್‌ಟೊರೆಂಟ್‌ಗೆ ಮಾತ್ರ ಈ ಪಜೀತಿ ಕಡಿಮೆ. 2001ರಲ್ಲಿ ಬ್ರಾಮ್ ಕೋಹೆನ್ ಅದನ್ನು ಕಟ್ಟುವಾಗ ಫೈಲಿನ ಪ್ರತಿ ತುಂಡಿಗೂ ಒಂದೊಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಇಟ್ಟರು. ನಕ್ಷೆ ಕಳೆದುಹೋದರೂ ಡಿಸ್ಕಿನಲ್ಲಿ ಇರುವುದನ್ನೆಲ್ಲ ಓದಿ ಗುರುತು ತಾಳೆ ನೋಡಿದರೆ ಯಾವುದು ಇದೆ, ಯಾವುದು ಇಲ್ಲ ಅಂತ ತಿಳಿಯುತ್ತದೆ. ವೆಬ್ ತಾಣಗಳು ಕೊಡುವ ಎಸ್‌ಎಚ್‌ಎ-256 ಅನ್ನುವ ಹ್ಯಾಶ್ ಸಾಮಾನ್ಯವಾಗಿ ಇಡೀ ಫೈಲಿಗೆ ಒಂದೇ. ಕೆಟ್ಟಿದೆ ಅಂತ ಹೇಳುತ್ತದೆ, ಎಲ್ಲಿ ಕೆಟ್ಟಿದೆ ಅಂತ ಹೇಳುವುದಿಲ್ಲ.

ಇಷ್ಟೆಲ್ಲ ಕೆದಕಿದ ಮೇಲೆ ನನ್ನ ಕೇಸಿನಲ್ಲಿ ಉಳಿದದ್ದು ಒಂದೇ ಅನುಮಾನ. ರಾತ್ರಿಗೂ ಬೆಳಿಗ್ಗೆಗೂ ನಡುವೆ ಆ ಕಡೆಯ ಫೈಲೇ ಬದಲಾಗಿದ್ದರೆ? ಹೆಸರು ಅದೇ, ಒಳಗಿನದು ಹೊಸದು. ಹಳೆಯದರ 97 ಭಾಗಕ್ಕೆ ಹೊಸದರ 3 ಭಾಗ ಅಂಟಿಸಿದರೆ ಯಾವ ಕೆಲಸಕ್ಕೂ ಬಾರದ ಬೆರಕೆ ಆಗುತ್ತದೆ. ಇದನ್ನು ತಪ್ಪಿಸಲು ಸರ್ವರು ಮೊದಲ ಸಲವೇ ಫೈಲಿನ ಜೊತೆ ಒಂದು ಚೀಟಿ ಕೊಟ್ಟಿರುತ್ತದೆ. ಅದರ ಹೆಸರು ಇ-ಟ್ಯಾಗ್. ಮುಂದುವರಿಸುವಾಗ ಮ್ಯಾನೇಜರು ಆ ಚೀಟಿಯನ್ನು ‘ಇಫ್-ರೇಂಜ್’ ಅನ್ನುವ ಸಾಲಿನಲ್ಲಿ ವಾಪಸ್ ತೋರಿಸುತ್ತದೆ. ಚೀಟಿ ತಾಳೆಯಾದರೆ ಉಳಿದದ್ದಷ್ಟೇ ಕೊಡಿ, ಇಲ್ಲದಿದ್ದರೆ ಪೂರ್ತಿ ಕೊಡಿ ಅಂತ. ಈ ಒಂದು ಸಾಲು ನನಗೆ ಬಹಳ ಇಷ್ಟ. ಎರಡು ಸಲ ಹೋಗಿಬಂದು ಕೇಳಬೇಕಾದದ್ದನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ.

ಕರ್ಲ್ ಅನ್ನುವ ತಂತ್ರಾಂಶದಿಂದ ಅದೇ ಲಿಂಕಿನ ಹೆಡರುಗಳನ್ನು, ಅಂದರೆ ಫೈಲಿನ ಮೊದಲು ಬರುವ ವಿವರದ ಸಾಲುಗಳನ್ನು, ಕೇಳಿ ನೋಡಿದೆ. ಅಳತೆ 4700000000. ಕೊನೆಯ ಬದಲಾವಣೆಯ ತಾರೀಕು ತಿಂಗಳುಗಳ ಹಿಂದಿನದು. ಅಂದರೆ ರಾತ್ರಿ ಯಾರೂ ಮುಟ್ಟಿಲ್ಲ. ಇನ್ನೊಮ್ಮೆ ಕೇಳಿದೆ. ಎಲ್ಲ ಅದೇ, ಇ-ಟ್ಯಾಗ್ ಮಾತ್ರ ಬೇರೆ! ಮೂರನೇ ಸಲ ಕೇಳಿದರೆ ಮೊದಲಿನದೇ ಬಂತು. ಒಂದೇ ವಿಳಾಸದ ಹಿಂದೆ ಎರಡು ಯಂತ್ರಗಳು ಸರದಿಯ ಮೇಲೆ ಉತ್ತರಿಸುತ್ತಿದ್ದವು, ಎರಡೂ ತಮ್ಮ ತಮ್ಮ ಚೀಟಿ ಬರೆಯುತ್ತಿದ್ದವು. ಫೈಲು ತನ್ನ ಡಿಸ್ಕಿನಲ್ಲಿ ಎಷ್ಟನೇ ನಂಬರಿನಲ್ಲಿದೆ ಅನ್ನುವುದನ್ನೂ ಇ-ಟ್ಯಾಗಿಗೆ ಸೇರಿಸಿದರೆ ಹೀಗಾಗುತ್ತದೆ. ಒಂದೇ ಫೈಲು, ಎರಡು ಡಿಸ್ಕು, ಎರಡು ನಂಬರು. ರಾತ್ರಿ ಒಬ್ಬರ ಹತ್ತಿರ ಚೀಟಿ ಪಡೆದು, ಬೆಳಿಗ್ಗೆ ಇನ್ನೊಬ್ಬರಿಗೆ ತೋರಿಸಿದ್ದೆ.

ಹೊಸ ಫೈಲು ಪೂರ್ತಿ ಬಂದ ಮೇಲೆ ಹಳೆಯ ‘.ಪಾರ್ಟ್’ ಫೈಲು ಫೋಲ್ಡರಿನ ಮೂಲೆಯಲ್ಲಿ ಇನ್ನೂ ಬಿದ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಬೈಟಿಗೆ ಬೈಟು ಹೋಲಿಸಲು ಕಂಪ್ಯೂಟರಿಗೆ ಹೇಳಿದೆ. ಸ್ವಲ್ಪ ಹೊತ್ತು ಡಿಸ್ಕಿನ ದೀಪ ಮಿನುಗಿತು. ಆಮೇಲೆ ಒಂದೇ ಸಾಲು ಬಂತು: 4559000000ನೇ ಬೈಟಿಗೆ ಹಳೆಯ ಫೈಲು ಮುಗಿಯಿತು. ಅಲ್ಲಿಯವರೆಗೆ ಒಂದೂ ವ್ಯತ್ಯಾಸ ಇರಲಿಲ್ಲ.